ಕೆರೆಗೋಡಿನ ನಂಬಿಕೆ

ಜಯನಗರದ ನಮ್ಮ ಮನೆಯ ಹಿಂಗೋಡೆಗೆ ಗಾರೆ ಬಳಿಸಿರಲಿಲ್ಲ. ಮಳೆ ಬಂದರೆ ಆ ಇಟ್ಟಿಗೆಗಳು ಕಪ್ಪುಗೆಂಪಾಗಿ ನೆನೆದು, ಜರಗನಹಳ್ಳಿಯಾಚೆಗಿನ ನಮ್ಮ ಹೊಲದ ವಾಸನೆಯನ್ನು ಮನೆಯೊಳಕ್ಕೆ ಬಿಡುತ್ತಿದ್ದವು. ಅದು ನನ್ನ ಭ್ರಮೆ ಎಂದು ತಂದೆ ಹೇಳುತ್ತಿದ್ದರು. ಭ್ರಮೆಯಾಗಿರಲಿಲ್ಲ. ಆ ಗೋಡೆಯೇ ನಮ್ಮ ಹೊಲವಾಗಿತ್ತು.

ಐವತ್ತರ ದಶಕದ ಕೊನೆಯಲ್ಲಿ ತಂದೆಗೆ ಸೈಟು ಮಂಜೂರಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ಹಳ್ಳಿಯ ಸುತ್ತ ಇಟ್ಟಿಗೆ ಗೂಡುಗಳು ಎದ್ದಿದ್ದ ಕಾಲ. ಹೊಲದ ಮೇಲ್ಮಣ್ಣು ಬಿಟ್ಟುಕೊಟ್ಟರೆ ಮನೆಗೆ ಬೇಕಾಗುವಷ್ಟು ಇಟ್ಟಿಗೆ ಸುಟ್ಟುಕೊಡುವುದಾಗಿ ಗೂಡಿನವನೊಬ್ಬ ಹೇಳಿದ. ಹೊಲ ತಂದೆಯ ಹೆಸರಿನಲ್ಲಿತ್ತು. ಅದರಲ್ಲಿ ಗೇಯುತ್ತಿದ್ದವರು ತೀರಿಹೋದ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡಮ್ಮ. ಅವರ ವರ್ಷದ ರಾಗಿ, ಅವರೆ, ಸಾಸಿವೆ ಎಲ್ಲವೂ ಅಲ್ಲಿನದೇ. ದುಡಿಯುವವಳಿಗೆ ಹಕ್ಕಿಲ್ಲದಿರುವುದು, ಹಕ್ಕುಳ್ಳವನಿಗೆ ಆ ಮಣ್ಣಿನ ಪರಿಚಯವೇ ಇಲ್ಲದಿರುವುದು ಮೊದಲ ಅನ್ಯಾಯ. ತಂದೆಯನ್ನು ಎಷ್ಟು ಪ್ರೀತಿಸಿದರೂ ಅದನ್ನು ಹೇಳದೆ ಇರಲಾರೆ.

ಜಗಲಿಯ ಮೇಲೆ ಕುಳಿತು ಗೂಡಿನವನು ದೊಡ್ಡಮ್ಮನನ್ನು ಒಲಿಸಿಕೊಂಡ.

"ಯಾಕವ್ವಾ ಯೋಚ್ನೆ? ಮೊಳದಷ್ಟು ಮಣ್ಣು ತೆಗಿತೀವಿ. ಕೆರೆ ಪಕ್ಕದಾಗೇ ಐತೆ, ಗೋಡು ಹೊಡ್ಸು. ಹೊಲ ಮದ್ವಣಗಿತ್ತಿ ಆಯ್ತದೆ."

"ಮದ್ವಣಗಿತ್ತಿ ಮಾಡ್ತೀನಿ ಅಂತ ಮೊದ್ಲು ಅವ್ಳ ಸೀರೆ ಬಿಚ್ಚಾಕೆ ಹೊಂಟಿದ್ದೀಯಲ್ಲೋ, ಭೂಪ," ಎಂದು ದೊಡ್ಡಮ್ಮ ನಕ್ಕರು. ನಗುತ್ತಲೇ ಒಪ್ಪಿದರು.

ಒಪ್ಪಿದ್ದಕ್ಕೆ ಕಾರಣವಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದಲ್ಲಿ ಕೂತ ಕಪ್ಪು ಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುವುದು ನಮ್ಮ ಕಡೆಯ ರೂಢಿ. ಸೊರಗಿದ ಹೊಲ ಆ ಗೋಡಿನಿಂದ ಚೇತರಿಸಿಕೊಂಡದ್ದನ್ನು ಅವರು ಹುಟ್ಟಿದಂದಿನಿಂದ ಕಂಡಿದ್ದರು. ಗೋಡು ಹೊಲಕ್ಕೆ ಊಟ. ಉಣ್ಣುವ ಹೊಲವನ್ನೇ ಅಗೆದು ಸುಟ್ಟಮೇಲೆ ಬಡಿಸುವುದು ಯಾರಿಗೆಂದು ಊರಿನಲ್ಲಿ ಒಬ್ಬರೂ ಕೇಳಲಿಲ್ಲ. ಇಸ್ಕೂಲು ಕಂಡ ನಮ್ಮ ಮನೆಯವರೂ ಕೇಳಲಿಲ್ಲ.

ಮೊಳವೆಂದು ಒಪ್ಪಿಸಿದವನು ಕೆಳಗಿನ ಗರಸುಕಲ್ಲು ತಾಕುವವರೆಗೆ ತೋಡಿದ. ಅದು ಮೋಸ. ಅದೇ ಹೊತ್ತಿಗೆ ಕೆರೆಗೆ ನೀರು ತರುತ್ತಿದ್ದ ಕಾಲುವೆಯ ಮೇಲೆ ಹೊಸ ಬಡಾವಣೆಯೊಂದರ ರಸ್ತೆ ಹಾದುಹೋಯಿತು. ನಕ್ಷೆ ಬರೆದವರು ನೀರಿನ ದಾರಿಯನ್ನು ನೋಡಿರಲಿಲ್ಲ, ಅಥವಾ ನೋಡಿಯೂ ಸುಮ್ಮನಿದ್ದರು, ಎರಡೂ ಅಪರಾಧವೇ. ಹೊಸ ನೀರು ಬಾರದ ಕೆರೆಯಲ್ಲಿ ಹೊಸ ಗೋಡು ಕೂರಲಿಲ್ಲ. ದೊಡ್ಡಮ್ಮ ಗೋಡೆಂದು ಹೊಡೆಸಿದ್ದು ಕೆರೆ ತಳದ ಬಿಳಿಚಿದ ಜೇಡಿಮಣ್ಣನ್ನು.

ರಾಗಿ ಮೊಳೆತು, ಹಿಮ್ಮಡಿಯೆತ್ತರಕ್ಕೆ ಬಂದು ಹಳದಿಯಾಯಿತು. ಮಳೆಯ ನೀರು ಇಂಗದೆ ಕನ್ನಡಿಯಂತೆ ನಿಂತಿತು. ಮರುವರ್ಷವೂ ಹಾಗೆಯೇ. ನಾನು ರಜೆಗೆ ಹೋದಾಗ ಕಂಡದ್ದು ಇಂದಿಗೂ ಕಣ್ಣಿಂದ ಸರಿದಿಲ್ಲ: ಮುಂದೆ ಎತ್ತು, ಹಿಂದೆ ನೇಗಿಲು, ಅದರ ಹಿಂದೆ ಯಾವ ಹಕ್ಕಿಯೂ ಇಲ್ಲ. ಪಕ್ಕದ ಹೊಲದಲ್ಲಿ ನೇಗಿಲ ಬೆನ್ನಿಗೆ ಬೆಳ್ಳಕ್ಕಿಗಳ ಸಾಲು. ನಮ್ಮ ಹೊಲದಲ್ಲಿ ಅವು ಹೆಕ್ಕುವ ಹುಳುವೇ ಇರಲಿಲ್ಲ. ದೊಡ್ಡಮ್ಮ ಹೆಂಟೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದರು, ಕಳೆದುಹೋದ ಕಿವಿಯೋಲೆಯನ್ನು ಹುಡುಕುವವರಂತೆ.

ಅರವತ್ತರ ದಶಕದ ಒಂದು ಮುಂಗಾರಿನಲ್ಲಿ ಅವರು ಉಳಿದಿದ್ದ ಬಿತ್ತನೆ ರಾಗಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಜಯನಗರಕ್ಕೆ ಬಂದರು. ತಳಿ ಸಾಯಬಾರದೆಂದು ನಮ್ಮ ಹಿಂಗೋಡೆಗೂ ಕಾಂಪೌಂಡಿಗೂ ನಡುವಿನ ಕಿರುಜಾಗದಲ್ಲಿ ಬಿತ್ತಿ, ಕೊಯ್ಲಿನವರೆಗೆ ನಮ್ಮಲ್ಲೇ ಉಳಿದರು. ಆ ರಾಗಿ ಸೊಂಟದೆತ್ತರ ಬೆಳೆಯಿತು. ಮುಷ್ಟಿಯಂತೆ ಬಿಗಿದ ತೆನೆಗಳು ನಮ್ಮ ಹಳೆಯ ಹೊಲದ ಇಟ್ಟಿಗೆಗಳಿಗೆ ತಾಗಿ ತೂಗಿದವು. ಅತ್ತಿಗೆ ಬಡಾವಣೆಯಲ್ಲೂ ಒಕ್ಕಲುತನ ಹೂಡಿದರೆಂದು ತಂದೆ ತಮಾಷೆ ಮಾಡಿದರು.

ದೊಡ್ಡಮ್ಮ ನಗಲಿಲ್ಲ. ಬುಡದ ಮಣ್ಣನ್ನು ಹಿಡಿಯಲ್ಲಿ ಪುಡಿಮಾಡಿ ನೋಡಿದರು. ಅದರಲ್ಲಿ ಎರೆಹುಳುವೊಂದು ಹೊರಳಿತು.

"ಇದು ಯಾರ ಹೊಲ ಆಗಿತ್ತಪ್ಪಾ?"

ತಂದೆ ಬ್ಲಾಕು, ಸೈಟಿನ ನಂಬರು ಹೇಳಿದರು.

"ನಂಬರಲ್ಲ ಕಣಪ್ಪ. ಗೇಯ್ತಿದ್ದೋರು ಯಾರು?"

ತಂದೆಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಅದುವರೆಗೆ ನಮಗಾರಿಗೂ ಅನ್ನಿಸಿರಲಿಲ್ಲ.

ಮರುದಿನ ದೊಡ್ಡಮ್ಮ ತೆನೆ ಕೊಯ್ದರು. ಬಿತ್ತನೆಗೆ ಬೇಕಲ್ಲವೇ, ಒಯ್ಯಿರಿ ಎಂದು ನಾನು ಚೀಲ ಹಿಡಿದೆ. ಬಿತ್ತಲು ಅವರಿಗೆ ಮಣ್ಣೆಲ್ಲಿ ಉಳಿದಿತ್ತು? ಅವರು ಚೀಲವನ್ನು ಪಕ್ಕಕ್ಕೆ ಸರಿಸಿದರು. ತೆನೆಯ ಕಟ್ಟನ್ನು ಹಿಂಗೋಡೆಗೆ ಒರಗಿಸಿ, ಅಂಗೈಯನ್ನು ಒಂದು ಕ್ಷಣ ಇಟ್ಟಿಗೆಯ ಮೇಲಿಟ್ಟು, ಕನಕಪುರ ರಸ್ತೆಯ ಬಸ್ಸಿಗೆ ನಡೆದುಹೋದರು.