ವಿಭೂತಿ ಹಚ್ಚಿದ ಸೀಡಿಗಳು

ಹೇಳಬೇಕು, ಹೇಳಬೇಕು ಅಂದುಕೊಂಡೇ ಇಪ್ಪತ್ತು ವರ್ಷ ದಾಟಿಸಿಬಿಟ್ಟೆ. ಈ ಬೆಳಿಗ್ಗೆ ಎದುರುಮನೆಯವರು ಪಾರಿವಾಳ ಓಡಿಸಲು ಬಾಲ್ಕನಿಯಲ್ಲಿ ಹಳೆಯ ಸೀಡಿಯೊಂದನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟರು. ಅದರ ಬೆಳಕು ನನ್ನ ಪತ್ರಿಕೆಯ ಮೇಲೆ ಕುಣಿಯತೊಡಗಿತು. ಪತ್ರಿಕೆ ಮಡಿಸಿಟ್ಟು ಬರೆಯಲು ಕೂತೆ.

ಎಸ್ಸೆಸ್ಸೆಲ್ಸಿಯವರೆಗೆ ಓದಿದ ನಾನು ನಿವೃತ್ತಿಯಾದ ಮರುವರ್ಷ ಕಂಪ್ಯೂಟರ್ ಕೊಂಡೆ. ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಸೀಡಿ ಬರೆಯುವ ಯಂತ್ರ ಇದ್ದದ್ದು ನನ್ನ ಮನೆಯಲ್ಲೊಂದೇ. ಕಚೇರಿಯಲ್ಲಿ ಮೂವತ್ತು ವರ್ಷ ನನ್ನನ್ನು ಕೇಳಿ ಯಾರೂ ಒಂದು ಕಿಟಕಿಯನ್ನೂ ತೆರೆದವರಲ್ಲ, ಈಗ ಜನ ಬಾಗಿಲಲ್ಲಿ ನಿಂತು “ಸಾರ್, ಬಿಡುವಾಗಿದ್ದೀರಾ?” ಎನ್ನುತ್ತಿದ್ದರು. ಆ ಸುಖವನ್ನು ನಿಮಗೆ ಹೇಗೆ ವಿವರಿಸಲಿ!

ಪಕ್ಕದ ಮನೆಯ ರಾಜಮ್ಮನವರ ಭಜನಾ ತಂಡ ವಚನಗಳನ್ನು ಹಾಡಿ ರೆಕಾರ್ಡ್ ಮಾಡಿಸಿತ್ತು. ವಿಜಯದಶಮಿಗೆ ಹಿನಕಲ್‌ನಲ್ಲಿ ಅವರ ಮಗಳ ಹೊಸಮನೆಯ ಗೃಹಪ್ರವೇಶ. ಬಂದವರಿಗೆ ತಾಂಬೂಲದ ಜೊತೆ ಒಂದೊಂದು ಸೀಡಿ. ನಲವತ್ತು ಪ್ರತಿ ಮಾಡಿಕೊಡುವ ಹೊಣೆ ನನ್ನದು.

ಯಾವ ಸಾಫ್ಟ್‌ವೇರಿನಲ್ಲಿ ಬರೆಯುವುದು? ಹಿಂದಿನ ಕ್ರಾಸಿನಲ್ಲಿ, ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಮಿಸ್ಸನ್ನು ಕರೆದೆ. ಅವರು ಮೂರು ಬಗೆಯದನ್ನು ಹಾಕಿ ತೋರಿಸಿದರು. ಒಂದರಲ್ಲಿ ಪರದೆಯ ತುಂಬ ಬೆಂಕಿ ಧಗಧಗ ಉರಿಯುತ್ತಿತ್ತು. ನನ್ನ ಮನಸ್ಸು ಅಲ್ಲೇ ನಿಂತಿತು.

“ಇದೇ ಇರ್ಲಿ ಕಣಮ್ಮ. ಏನೋ ಕೆಲಸ ನಡೀತಿದೆ ಅಂತ ಕಾಣುತ್ತೆ.”

“ಸಾರ್, ನೀವು ಸೀಡಿ ಬರೀತೀರೋ, ಹೋಮ ಮಾಡ್ತೀರೋ?” ಮಿಸ್ಸು ನಕ್ಕರು. “ಈ ಸಾದಾದು ತಗೊಳ್ಳಿ. ಬರೆದಾದ ಮೇಲೆ ತಾನೇ ಒಂದ್ಸಲ ಓದಿ ನೋಡ್ಕೊಳುತ್ತೆ. ತಪ್ಪಿದ್ರೆ ಹೇಳುತ್ತೆ.”

ಬೂದುಬಣ್ಣದ ಅದು ನಮ್ಮ ಕಚೇರಿಯ ಕಡತದಂತೆ ಕಂಡಿತು. ಒಲ್ಲದ ಮನಸ್ಸಿನಿಂದ ಒಪ್ಪಿದೆ. ನಲವತ್ತೊಂದು ಬರೆದೆ, ಒಂದು ನನಗೆ. ಅಷ್ಟೂ ಸರಿಯಾಗಿವೆ ಎಂದು ಅದು ಒಪ್ಪಿಗೆ ಕೊಟ್ಟಿತು.

ಮರುದಿನ ಆಯುಧಪೂಜೆ. ಸ್ಕೂಟರು, ಈಳಿಗೆಮಣೆ, ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಹಚ್ಚಿದವನು ಸೀಡಿಗಳನ್ನೇಕೆ ಬಿಡಲಿ? ಹೊಳೆಯುವ ಕಡೆಯೇ ಮುಖವೆಂದು ತಿಳಿದು, ವಿಭೂತಿಗಟ್ಟಿಯನ್ನು ನೀರಿನಲ್ಲಿ ತೇಯ್ದು ಒಂದೊಂದಕ್ಕೂ ಮೂರು ಬೆರಳಿನಿಂದ ಮೂರು ಪಟ್ಟೆ ಎಳೆದೆ. ಒಣಗಿದ ಮೇಲೆ ಪಂಚೆಯ ತುದಿಯಿಂದ ಭಕ್ತಿಯಿಂದಲೇ ಉಜ್ಜಿ ಒರೆಸಿ ಕವರಿಗೆ ಹಾಕಿದೆ.

ಗೃಹಪ್ರವೇಶದಲ್ಲಿ ಪ್ಲೇಯರಿಗೆ ಹಾಕಿದರೆ, ರಾಜಮ್ಮನವರ ದನಿ ಒಂದೇ ಅಕ್ಷರಕ್ಕೆ ಸಿಕ್ಕಿಕೊಂಡಿತು. ಇನ್ನೊಂದು ಹಾಕಿದರು. ಅದೂ ಅಷ್ಟೇ.

“ಇದೇನ್ ಸಾರ್, ನನಗೆ ಬಿಕ್ಕಳಿಕೆ ಬರಿಸ್ಬುಟ್ರಲ್ಲ!” ಎಂದರು ರಾಜಮ್ಮ. ಊಟಕ್ಕೆ ಕೂತವರೆಲ್ಲ ನಕ್ಕರು.

“ನಾನೇನ್ ಮಾಡ್ಲಿ ಕಣ್ರೀ, ಆ ಮಿಸ್ಸು ಕೊಟ್ಟ ಸಾಫ್ಟ್‌ವೇರೇ ಸರಿ ಇಲ್ಲ. ನಾನು ಬೇರೇದೇ ಹೇಳಿದ್ದೆ.”

“ಅಂಗಾದ್ರೆ ನಮ್ ಸೊಸೇನ ಅವರ ಕ್ಲಾಸಿಗೆ ಕಳ್ಸೋದ್ ಬೇಡ ಬುಡಿ,” ಎಂದರು ರಾಜಮ್ಮ.

ತಂಡದವರೆಲ್ಲ ತಲೆಯಾಡಿಸಿದರು. ಆ ಕ್ಲಾಸೇ ಮಿಸ್ಸಿನ ಜೀವನವೆಂದು ನನಗೆ ಗೊತ್ತಿತ್ತು. ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ವಾರದ ಮೇಲೆ ನನ್ನ ಪಾಲಿನ ಸೀಡಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಹಾಡು ಬರೆದಿರುವ ಆ ಹೊಳೆಯುವ ಕಡೆಯಲ್ಲೇ ಮೂರು ಪಟ್ಟೆ ಗೀರು, ನನ್ನ ಬೆರಳಿನಷ್ಟೇ ಅಗಲ. ಸೀಡಿಯೇನೋ ಶಿವಭಕ್ತನಾಗಿತ್ತು, ಹಾಡುವುದನ್ನು ಬಿಟ್ಟಿತ್ತು. ಅಷ್ಟರಲ್ಲಿ ಮಿಸ್ಸೇ ಬಂದರು.

“ಏನ್ ತಪ್ಪಾಯ್ತು ಸಾರ್? ಒಂದು ಸೀಡಿ ಕೊಡಿ, ನೋಡ್ತೀನಿ. ಆರು ಜನ ಕ್ಲಾಸ್ ಬಿಟ್ಟೋದ್ರು.”

“ಒಂದೂ ಉಳಿದಿಲ್ಲವಲ್ಲಮ್ಮ,” ಎಂದೆ. ಸೀಡಿ ನಾನು ಒರಗಿದ್ದ ದಿಂಬಿನ ಹಿಂದಿತ್ತು.

ಸಂಕ್ರಾಂತಿಯ ಹೊತ್ತಿಗೆ ಕ್ಲಾಸಿನ ಬೋರ್ಡು ಇಳಿಯಿತು. ಅಶೋಕಪುರಂ ಕಡೆ ಮನೆ ಮಾಡಿದರೆಂದು ಕೇಳಿದೆ. ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಹೋಗಲಿಲ್ಲ.

ಇಷ್ಟು ಬರೆದು, ಈಗಷ್ಟೇ ರಾಜಮ್ಮನವರಿಗೆ ಓದಿ ಹೇಳಿ ಬಂದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಲ್ಲಾ ಸಾರ್, ಆಯಮ್ಮನ್ನ ನಾವೆಲ್ಲ ಎಷ್ಟು ಆಡ್ಕೊಂಡ್ಬುಟ್ವಿ! ಇದ್ರಲ್ಲಿ ಅವರ ಹೆಸರೇ ಇಲ್ವಲ್ಲ? ಅವತ್ತು ಎಲ್ರ ಮುಂದೆ ದೂರಿದ್ರಿ. ಇವತ್ತು ಎಲ್ರ ಮುಂದೆ ಹೆಸರಿಟ್ಟು ಬರೀರಿ.”

ಬರೆಯುತ್ತಿದ್ದೇನೆ. ನೀವು ಆರಿಸಿಕೊಟ್ಟ ಸಾಫ್ಟ್‌ವೇರು ಸರಿಯಾಗಿಯೇ ಇತ್ತು, ಸುನಂದಾ ಮಿಸ್.