ಕ್ಯಾಲೆಂಡರಿನ ಮೂಲೆ

ನಮ್ಮ ಮನೆಯ ನೆನಪೆಲ್ಲ ಅಡುಗೆಮನೆಯ, ವರ್ಷಕ್ಕೊಂದೇ ಹಾಳೆಯ ಕ್ಯಾಲೆಂಡರಿನಲ್ಲಿತ್ತು. ಹೊಸ ಸಿಲಿಂಡರ್ ಹಚ್ಚಿದ ದಿನ, ಅತ್ತೆಯವರ ತಿಥಿ, ಉಪ್ಪಿನಕಾಯಿ ಹಾಕಿದ ದಿನ, ಎಲ್ಲವನ್ನೂ ಅದರಲ್ಲೇ ಬರೆಯುತ್ತಿದ್ದೆ.

ಎರಡು ಸಾವಿರದ ಆರೋ ಏಳೋ ಇರಬೇಕು. ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳ ಸೊಂಟದ ಹತ್ತಿರ ಒಂದು ಬಿಳಿ ಮಚ್ಚೆ ಕಾಣಿಸಿತು. ಅಂಟುವಂಥದ್ದಲ್ಲ ಎಂದು ಡಾಕ್ಟರು ಹೇಳಿದರೂ, "ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ" ಎಂದು ನಾನೇ ಹೇಳಿದ್ದೆ. ಡಾಕ್ಟರ ಹತ್ತಿರ ಹೋಗುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಬರೀ ಒಂದು ಚುಕ್ಕೆ ಇಡುತ್ತಿದ್ದೆ. ನೋಡಿದವರಿಗೆ ಏನೂ ತಿಳಿಯಬಾರದಲ್ಲ.

ಅವಳು ಹೇಳಿಕೊಂಡಿದ್ದು ಒಬ್ಬಳಿಗೇ, ಶಿವಮೊಗ್ಗದ ದೊಡ್ಡಪ್ಪನ ಮಗಳಿಗೆ. ಭಾನುವಾರ ನಜರ್‌ಬಾದಿನ ನಮ್ಮ ಬೀದಿಯ ಕೊನೆಯ ಸೈಬರ್ ಸೆಂಟರಿಗೆ ಹೋಗಿ ಮೇಲ್ ಬರೆಯುತ್ತಿದ್ದಳು. ಮೊದಲ ದಿನ ನಾನೂ ಜೊತೆಗಿದ್ದೆ. "ಪಾಸ್‌ವರ್ಡ್ ಮರೆತ್ರೆ ಹೋಯ್ತು ಕಣ್ರಮ್ಮ, ಬರ್ದಿಟ್ಕೊಳ್ಳಿ" ಎಂದರು ಅಂಗಡಿಯವರು. ಮನೆಗೆ ಬಂದವಳೇ ಅವಳ ಮೇಲ್ ವಿಳಾಸವನ್ನೂ ಪಾಸ್‌ವರ್ಡನ್ನೂ ಕ್ಯಾಲೆಂಡರಿನ ಮೂಲೆಯಲ್ಲಿ ದುಂಡಗೆ ಬರೆದಿಟ್ಟೆ. ಮಗಳು ಆ ಕ್ಯಾಲೆಂಡರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೀಗದ ಕೈಯನ್ನು ಗೋಡೆಗೆ ನೇತುಹಾಕುತ್ತಿದ್ದೇನೆ ಅನ್ನಿಸಲೇ ಇಲ್ಲ.

ದಸರೆಗೆ ಗೊಂಬೆ ಕೂರಿಸಿದಾಗ ನಮ್ಮ ಮನೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತಿತ್ತು. ಅವಳ ಕ್ಲಾಸಿನ ನಾಲ್ಕು ಹುಡುಗಿಯರು ಗೊಂಬೆ ನೋಡಿ, ನೀರು ಕುಡಿಯಲು ಒಳಗೆ ಬಂದರು. ಒಬ್ಬಳು ಕ್ಯಾಲೆಂಡರಿನ ಮುಂದೆ ನಿಂತು, "ಆಂಟಿ, ಎಷ್ಟ್ ನೀಟಾಗಿ ಬರ್ದಿದೀರ!" ಎಂದಳು. ಹಿಗ್ಗಿ ಅವಳ ಕೈಗೆ ಇನ್ನೊಂದು ಕೋಡುಬಳೆ ಹಾಕಿದೆ.

ರಜೆ ಮುಗಿದು ಮೂರನೇ ದಿನ ಮಗಳ ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ಸು ಬಂತು.

"ಯಾಕೆ ತಿನ್ಲಿಲ್ಲ?"

"ಪಕ್ಕದಲ್ಲಿ ಯಾರೂ ಕೂರ್ಲಿಲ್ಲ. ಕ್ಲಾಸಲ್ಲಿ ನನ್ ಮೇಲ್‌ಗಳನ್ನೆಲ್ಲಾ ಓದ್ಬುಟ್ಟಿದಾರಮ್ಮ. ಪ್ರಿಂಟ್ ತೆಗ್ದು ಹಂಚಿದಾರೆ. ಅಂಟ್ಕೊಳುತ್ತಂತೆ." ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ, "ಶಿವಮೊಗ್ಗದ ಅಕ್ಕನೇ ಯಾರಿಗೋ ಪಾಸ್‌ವರ್ಡ್ ಹೇಳಿರ್ಬೇಕು. ಅವಳಿಗ್ ಬಿಟ್ರೆ ನಾನ್ ಯಾರಿಗೂ ಹೇಳಿಲ್ಲ."

ನನ್ನ ಕಣ್ಣು ಗೋಡೆಯ ಕಡೆ ಹೋಯಿತು. ಅವಳು ಅತ್ತ ಹೋದ ಮೇಲೆ ಆ ಮೂಲೆಯನ್ನು ಪೆನ್ನಿನಿಂದ ಗೀಚಿ ಗೀಚಿ ಕಪ್ಪು ಮಾಡಿದೆ.

ಅಂದಿನಿಂದ ಅವಳು ಅಕ್ಕನಿಗೆ ಬರೆಯಲಿಲ್ಲ. ಬಚ್ಚಲಿನ ದೀಪ ಆರಿಸಿ ಸ್ನಾನ ಮಾಡತೊಡಗಿದಳು. ಶಿವಮೊಗ್ಗದಿಂದ ಫೋನು ಬರುತ್ತಿತ್ತು: "ಚಿಕ್ಕಮ್ಮ, ಅವ್ಳು ಯಾಕೆ ಮಾತಾಡ್ತಿಲ್ಲ?" "ಪರೀಕ್ಷೆ ಕಣಮ್ಮ" ಎನ್ನುತ್ತಿದ್ದೆ.

ಡಿಸೆಂಬರ್ ಮುಗಿದಾಗ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕಪಾಟಿಗೆ ಹಾಸಲೆಂದು ಮಗಳೇ ಕೆಳಗಿಳಿಸಿದಳು. ಗೀಚಿದ ಮೂಲೆಯ ಹಿಂಬದಿಯಲ್ಲಿ ಪಾಸ್‌ವರ್ಡ್ ಬರೆದ ನನ್ನ ದುಂಡು ಅಕ್ಷರಗಳ ಅಚ್ಚು ಉಬ್ಬಿಕೊಂಡಿತ್ತು. ಬೆರಳಾಡಿಸಿ ನೋಡಿದಳು. ಕೂಗಾಡಲಿಲ್ಲ.

"ಅಮ್ಮ, ನನಗೆ ಅಂತ ಇದ್ದಿದ್ದು ಅಕ್ಕ ಒಬ್ಳೇ. ಅವಳನ್ನೂ ದೂರ ಮಾಡ್ಬುಟ್ಯಲ್ಲ. ಗೊತ್ತಿದ್ದೂ ಸುಮ್ನಿದ್ಯಲ್ಲ."

ಅವತ್ತೇ ಶಿವಮೊಗ್ಗಕ್ಕೆ ಫೋನು ಮಾಡಿ ಎಲ್ಲ ಹೇಳಿದೆ. ಅವಳ ಅಕ್ಕ ಕ್ಷಮಿಸಿದಳು. ಆದರೆ ಮಗಳು ಮತ್ತೆ ಯಾರಿಗೂ ಮೊದಲಿನಂತೆ ಮನಸ್ಸು ಬಿಚ್ಚಿ ಬರೆದದ್ದನ್ನು ನಾನು ಕಾಣೆ.

ಹೊಸ ಕ್ಯಾಲೆಂಡರಿನಲ್ಲಿ ಡಾಕ್ಟರ ದಿನಕ್ಕೆ ಚುಕ್ಕೆ ಇಡಲು ಹೋದೆ. "ಬೇಡ, ನಾನೇ ನೆನಪಿಟ್ಕೋತೀನಿ" ಎಂದಳು. ಆ ದಿನ ನನಗೆ ಹೇಳದೆ, ಒಬ್ಬಳೇ ಹೋಗಿಬಂದಳು.