ಎರಡನೇ ಗುಂಡಿಯ ಮಟ್ಟ

ದಟ್ಟ ಕಾಡಿನ ಹಳೆಯ ಹೆಮ್ಮರಗಳನ್ನು ಅಳೆದು ದಾಖಲಿಸುವುದು ಅಪ್ಪನ ಕೆಲಸ. ಸುತ್ತಳತೆಯನ್ನು ಎದೆಮಟ್ಟದಲ್ಲಿ ತೆಗೆಯಬೇಕು. ಅದಕ್ಕೆಂದೇ ಕಚೇರಿಯವರು ಗುರುತು ಹಾಕಿ ಕೊಟ್ಟ ಕೋಲು ಮನೆಯ ಮೂಲೆ ಹಿಡಿದಿತ್ತು. ಒಯ್ಯಿ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು.

“ಕೋಲು ಯಾಕೆ? ಅಂಗಿ ಎರಡನೇ ಗುಂಡಿ ಇಲ್ವಾ?” ಎನ್ನುತ್ತಿದ್ದ.

ಅವನು ಗುಂಡಿಯ ಮಟ್ಟಕ್ಕೆ ಟೇಪು ಹಿಡಿದರೆ, ಇನ್ನೊಂದು ತುದಿ ಹಿಡಿದು ಮರ ಸುತ್ತಿ ಬರುವವಳು ನಾನು.

ಅಪ್ಪನ ಜೀವವೆಲ್ಲ ಒಂದು ಮರದ ಮೇಲೆ. ಹತ್ತು ವರ್ಷದಿಂದ ಅದು ವರ್ಷಕ್ಕೆ ನಾಲ್ಕು ಬೆರಳು ದಪ್ಪವಾಗುತ್ತಿತ್ತು. “ಮುದುಕನಿಗೆ ಇನ್ನೂ ಮೈ ಬರ್ತಿದೆ ನೋಡೇ!” ಎಂದು ಬೀಗುತ್ತಿದ್ದ.

ಈ ಸಲ ಭುಜದ ನೋವಿಗೆ ಅಪ್ಪನ ಕೈ ಮೇಲೇಳಲಿಲ್ಲ. ದಾಖಲೆ ಪುಸ್ತಕವನ್ನು ಅವನ ಕೈಗೆ ಕೊಟ್ಟು, ಮನೆಯಿಂದ ಹೊತ್ತು ತಂದಿದ್ದ ಕೋಲು ನಿಲ್ಲಿಸಿ, ಟೇಪಿನ ತುದಿಯನ್ನು ಅದರ ಗುರುತಿಗೆ ಕಟ್ಟಿ ನಾನೇ ಅಳೆದೆ. ಬಂದದ್ದು ಹತ್ತು ವರ್ಷದ ಹಿಂದಿನ ಅಳತೆಯೇ. ಇನ್ನೊಮ್ಮೆ ಸುತ್ತಿದೆ. ಒಂದು ಬೆರಳೂ ಹೆಚ್ಚಿಲ್ಲ.

ಅಪ್ಪ ಕೋಲಿನ ಪಕ್ಕದಲ್ಲೇ ನಿಂತಿದ್ದ. ಅವನ ಎರಡನೇ ಗುಂಡಿ ಗುರುತಿಗಿಂತ ಒಂದು ಗೇಣು ಕೆಳಗಿತ್ತು. ಬೆನ್ನು ಬಾಗಿದಂತೆ ಟೇಪೂ ಇಳಿದಿತ್ತು. ಬುಡದತ್ತ ಇಳಿದಷ್ಟೂ ಮರ ದಪ್ಪ.

“ನಾಲ್ಕು ಬೆರಳು ಹೆಚ್ಚು ತಾನೇ?” ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಬರೆದೇಬಿಟ್ಟಿದ್ದ.